ರಾಕ್ ಹಾಡುಗಳ ಜೋಗುಳ: ಗಂಟೆ, ಪಿಯಾನೊ ಮತ್ತು ಕಂಠ

2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಅಮೆರಿಕದ ಮೆಟಾಲಿಕಾ ರಾಕ್ ತಂಡವನ್ನು ಕೇಳಲು ನೆರೆದಿದ್ದ ಜನರಲ್ಲಿ ನಾನೂ ಒಬ್ಬನಾಗಿದ್ದೆ. ಈಗ ಮನೆಯಲ್ಲಿ ಎಂಟು ತಿಂಗಳ ಮಗಳಿದ್ದಾಳೆ. ನಾನು ಪ್ರೀತಿಸಿದ ಹಾಡುಗಳನ್ನೇ ಅವಳ ಜೋಗುಳವಾಗಿಸಬಹುದೇ ಎಂದು ತಿಳಿಯಲು ಮೂರು ಬಗೆಯ ರೂಪಾಂತರಗಳನ್ನು ವಾರಕ್ಕೊಂದರಂತೆ, ರಾತ್ರಿ ಎಂಟೂವರೆಗೆ, ಬಸವನಗುಡಿಯ ನಮ್ಮ ಮನೆಯ ಅದೇ ಕೋಣೆಯಲ್ಲಿ, ಅದೇ ಬಟ್ಟೆಯ ತೊಟ್ಟಿಲಿನಲ್ಲಿ ಪರೀಕ್ಷಿಸಿದೆ.

ಮೊದಲನೆಯದು ಲಾಸ್ ಏಂಜಲಿಸ್‌ನಿಂದ 2006ರಲ್ಲಿ ಆರಂಭವಾದ, ರಾಕ್ ಹಾಡುಗಳನ್ನು ಜೋಗುಳವಾಗಿಸುವ 'ರಾಕಬೈ ಬೇಬಿ' ಮಾಲಿಕೆಯ ಮೆಟಾಲಿಕಾ ಆಲ್ಬಮ್. ಇದರಲ್ಲಿ ಗಾಯನವಿಲ್ಲ, ಅಬ್ಬರದ ಡ್ರಮ್ಸ್ ಇಲ್ಲ. ಲೋಹದ ಪಟ್ಟಿಗಳನ್ನು ಬಡಿದು ಗಂಟೆಯಂತಹ ನಾದ ಹೊರಡಿಸುವ ಗ್ಲಾಕನ್‌ಸ್ಪೀಲ್, ವೈಬ್ರಫೋನ್‌ಗಳಂತಹ ವಾದ್ಯಗಳ ಮೆಲುದನಿಯಲ್ಲಿ ರಾಗವಷ್ಟೇ ಉಳಿಯುತ್ತದೆ. 'ಎಂಟರ್ ಸ್ಯಾಂಡ್‌ಮನ್' ಮಗುವಿನ ದುಃಸ್ವಪ್ನಗಳ ಕುರಿತಾದ ಹಾಡು, ಮಲಗುವ ಮುನ್ನ ಮಕ್ಕಳು ಹೇಳುವ ಪ್ರಾರ್ಥನೆಯೊಂದೂ ಅದರಲ್ಲಿದೆ. ಹಾಗಾಗಿ ಅದೇ ಎಲ್ಲಕ್ಕಿಂತ ಚೆನ್ನಾಗಿ ಹೊಂದುತ್ತದೆಂದು ನಾನು ನಂಬಿದ್ದೆ. ಆದರೆ ಅದರ ಮುಖ್ಯ ಗಿಟಾರ್ ಪಲುಕು, ನಮ್ಮ ಕರ್ನಾಟಕ ಸಂಗೀತದ ಪರಿಭಾಷೆಯಲ್ಲಿ ಹೇಳುವುದಾದರೆ, ಷಡ್ಜ (ಸ) ಮತ್ತು ಪ್ರತಿಮಧ್ಯಮ (ಮೇಲಿನ ಮ) ಸ್ವರಗಳ ನಡುವಿನ ಬಿಗಿತದ ಮೇಲೆ ನಿಂತಿದೆ. ಗಿಟಾರಿನ ಗರ್ಜನೆಯಲ್ಲಿ ರೋಮಾಂಚನವಾಗಿ ಕೇಳುವ ಆ ಬಿಗಿತ, ಗಂಟೆಗಳ ನಿಚ್ಚಳ ನಾದದಲ್ಲಿ ಯಾವ ಮರೆಯೂ ಇಲ್ಲದೆ ಎದುರು ನಿಲ್ಲುತ್ತದೆ. ಮಗಳು ಅತ್ತಿಲ್ಲ, ಕಣ್ಣರಳಿಸಿ ಕಿವಿಗೊಟ್ಟಳು, ಆದರೆ ಮಲಗಲಿಲ್ಲ. ಇದು ವಾದ್ಯಸಂಯೋಜಕರ ಕೊರತೆಯಲ್ಲ, ಹಾಡಿನ ಸ್ವಭಾವ.

ಅದೇ ಆಲ್ಬಮ್‌ನ 'ನಥಿಂಗ್ ಎಲ್ಸ್ ಮ್ಯಾಟರ್ಸ್' ಮಾತ್ರ ಬೇರೆಯೇ ಆಯಿತು. 1991ರ ಮೂಲ ಹಾಡೇ ಆರರ ಎಣಿಕೆಯಲ್ಲಿ ಸಾಗುವುದರಿಂದ, ತೊಟ್ಟಿಲು ಹೋಗುವಾಗ ಮೂರು, ಬರುವಾಗ ಮೂರು ಎಂಬಂತೆ ತೂಗುವ ಕೈಗೆ ಲಯ ತಾನಾಗಿ ಸಿಗುತ್ತದೆ. ನನ್ನ ಅತ್ತೆಯವರು ಹಾಡುವ ಜೋಗುಳದ್ದೂ ತಿಶ್ರ ನಡೆಯೇ, ಅಂದರೆ ಮೂರರ ಎಣಿಕೆಯೇ ಎಂಬುದು ಆ ರಾತ್ರಿಯೇ ನನ್ನ ಗಮನಕ್ಕೆ ಬಂದದ್ದು. ಆ ವಾರ ನಾಲ್ಕು ರಾತ್ರಿ ಅವಳು ಈ ಹಾಡು ಮುಗಿಯುವ ಮುನ್ನವೇ ಮಲಗಿದಳು.

ಎರಡನೆಯದು ಬೇರೊಂದು ಸಂಸ್ಥೆಯ ಪಿಯಾನೊ ಸಂಗ್ರಹ. ನಾದ ಮಂದ್ರವಾಗಿದ್ದು ಹಿತವೆನಿಸಿದರೂ, ವೇಗವನ್ನು ತಗ್ಗಿಸಿರಲಿಲ್ಲ, ಒಂದು ಹಾಡಿನಿಂದ ಇನ್ನೊಂದಕ್ಕೆ ಧ್ವನಿಯ ಮಟ್ಟ ಏಕಾಏಕಿ ಏರುತ್ತಿತ್ತು. ಕಣ್ಣು ಮುಚ್ಚಿದ ಮಗು ಎರಡು ಬಾರಿ ಬೆಚ್ಚಿಬಿದ್ದ ಮೇಲೆ ವಾರ ಪೂರೈಸಲು ನನಗೆ ಮನಸ್ಸು ಬರಲಿಲ್ಲ. ಧ್ವನಿಯ ವಿಷಯದಲ್ಲಿ ಎಚ್ಚರ ಅಗತ್ಯ: ಮಕ್ಕಳ ನಿದ್ರೆಗಾಗಿ ಮಾರಾಟವಾಗುವ 14 ಧ್ವನಿಯಂತ್ರಗಳನ್ನು ಪರೀಕ್ಷಿಸಿ 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಗರಿಷ್ಠ ಮಟ್ಟದಲ್ಲಿಟ್ಟಾಗ 30 ಸೆಂಟಿಮೀಟರ್ ದೂರದಲ್ಲಿ ಎಲ್ಲವೂ 50 ಡೆಸಿಬೆಲ್ ಮೀರಿದ್ದವು. ಅಂದಿನಿಂದ ಸ್ಪೀಕರನ್ನು ತೊಟ್ಟಿಲಿನಿಂದ ಎರಡು ಮೀಟರ್‌ಗೂ ಆಚೆಗೆ, ಪುಸ್ತಕದ ಕಪಾಟಿನ ಮೇಲೆ ಇಟ್ಟಿದ್ದೇನೆ.

ಮೂರನೆಯದು ನನ್ನದೇ ಗುನುಗು. ಸ್ವರ ಅಲ್ಲಲ್ಲಿ ಜಾರುತ್ತದೆ, ಗಿಟಾರ್ ಸೋಲೊ ಬರುವಲ್ಲಿ ಮತ್ತೆ ಪಲ್ಲವಿಗೇ ಮರಳಬೇಕಾಗುತ್ತದೆ, ರಾತ್ರಿ ಎರಡಕ್ಕೆ ಎಚ್ಚರವಾದರೆ ಗಂಟಲೇ ಏಳುವುದಿಲ್ಲ. ಆದರೂ ಯಾವ ಧ್ವನಿಮುದ್ರಣಕ್ಕೂ ಸಾಧ್ಯವಾಗದ ಒಂದು ಕೆಲಸವನ್ನು ಅದು ಮಾಡುತ್ತದೆ: ಅವಳ ರೆಪ್ಪೆ ಭಾರವಾದಂತೆಲ್ಲ ಹಾಡೂ ನಿಧಾನವಾಗುತ್ತದೆ, ಅವಳು ಮಿಸುಕಿದರೆ ಹಿಂದಿನ ಸಾಲಿಗೆ ಮರಳುತ್ತದೆ. ಎದೆಗೊರಗಿದ ಮಗುವಿಗೆ ಆ ಸ್ವರ ಕಿವಿಗಷ್ಟೇ ಅಲ್ಲ, ಮೈಗೂ ತಲುಪುತ್ತದೆ. ಏಳು ರಾತ್ರಿಗಳಲ್ಲಿ ಆರು ರಾತ್ರಿ ಅವಳು ತೋಳಿನಲ್ಲೇ ನಿದ್ದೆಹೋದಳು.

ಈಗ ಸ್ನಾನ ಮಾಡಿಸಿ ಬಟ್ಟೆ ತೊಡಿಸುವಾಗ ಗಂಟೆಗಳ ಆಲ್ಬಮ್ ಸಣ್ಣ ದನಿಯಲ್ಲಿರುತ್ತದೆ. ತೊಟ್ಟಿಲಿನ ಹತ್ತಿರ ಬಂದೊಡನೆ ಅದನ್ನು ನಿಲ್ಲಿಸಿ, ಅದೇ 'ನಥಿಂಗ್ ಎಲ್ಸ್ ಮ್ಯಾಟರ್ಸ್' ಅನ್ನು ನಾನು ಗುನುಗಲು ತೊಡಗುತ್ತೇನೆ. ಪಿಯಾನೊ ಸಂಗ್ರಹವನ್ನು ಫೋನಿನಿಂದ ತೆಗೆದುಹಾಕಿದ್ದೇನೆ.