ದುಬೈಲಿ ಸ್ಟುಡಿಯೋ ಫ್ಲಾಟ್ ಕೊಡಿಸಿದ ಏಜೆನ್ಸಿ: ಐದು ವರ್ಷ ಆದ್ಮೇಲೆ ಬರೀತಿರೋ ರಿವ್ಯೂ

ಮೊದ್ಲೇ ಹೇಳ್ಬಿಡ್ತೀನಿ, ಫ್ಲಾಟ್‌ಗೆ ನಾಲ್ಕು ಸ್ಟಾರ್, ಅದನ್ನ ಕೊಡಿಸಿದ ಏಜೆನ್ಸಿಗೆ ಎರಡು. ಆ ಎರಡರಲ್ಲೂ ಒಂದು ಸ್ಟಾರ್ ಆವತ್ತು ಹೋಟ್ಲಲ್ಲಿ ಕೊಟ್ಟ ಫಿಲ್ಟರ್ ಕಾಫಿಗೆ. ಹೆಸರು ಹಾಕಲ್ಲ, ಕೇಳ್ಬೇಡಿ, ಇನ್ನೂ ನನಗೆ ಬರಬೇಕಾದ ಬಾಡಿಗೆ ಚೆಕ್ಕುಗಳು ಅವ್ರ ಡ್ರಾಯರಲ್ಲಿವೆ.

ಶುರುವಾಗಿದ್ದು 2020ರ ಫೆಬ್ರವರಿ. ಎಂಜಿ ರೋಡ್ ಹತ್ರ ಒಂದು ಸ್ಟಾರ್ ಹೋಟ್ಲಲ್ಲಿ ಫಾರಿನ್ ಪ್ರಾಪರ್ಟಿ ಶೋ ಅಂತ ಇತ್ತು, ಭಾನುವಾರ, ಫ್ರೀ ಎಂಟ್ರಿ, ಫ್ರೆಂಡ್ ಕರ್ಕೊಂಡು ಹೋದ. ಒಂದು ಟೇಬಲ್ ಮೇಲೆ ಥರ್ಮೋಕೋಲ್ ದುಬೈ, ಪಕ್ಕದಲ್ಲಿ ಗ್ರೀಸ್ ಬ್ರೋಷರ್, ಎರಡೂವರೆ ಲಕ್ಷ ಯೂರೋ ಮನೆ ತಗೊಂಡ್ರೆ ರೆಸಿಡೆನ್ಸಿ ವೀಸಾ. ಇದೊಂದು ತಮಾಷೆ ನೋಡಿ, ಪೋರ್ಚುಗಲ್ ಈ ಸ್ಕೀಮ್ ತಂದಿದ್ದು 2012ರಲ್ಲಿ, ಗ್ರೀಸ್ 2013ರಲ್ಲಿ, ಎರಡೂ ದೇಶ ಸಾಲದಲ್ಲಿ ಕತ್ತಿನ ತನಕ ಮುಳುಗಿದ್ದಾಗ. ಊರು ಕಷ್ಟಕ್ಕೆ ಬಿದ್ದಾಗ ಮನೆ ಜೊತೆ ವೀಸಾನೂ ಗಂಟು ಹಾಕಿ ಮಾರ್ತಾರೆ ಅಷ್ಟೇ. ಟೇಬಲ್ ಹುಡುಗ ಮಾತ್ರ ಚೆನ್ನಾಗಿ ಮಾತಾಡ್ದ, "ಸರ್, ದುಬೈ ಮಾರ್ಕೆಟ್ 2014ರಿಂದ ಬೀಳ್ತಾನೇ ಇದೆ, ಇನ್ನೇನು ಬೀಳೋಕೆ ಜಾಗ ಇಲ್ಲ" ಅಂತ. ಜಾಗ ಇತ್ತು. ಮುಂದಿನ ತಿಂಗಳೇ ಲಾಕ್‌ಡೌನ್, ಏಪ್ರಿಲಲ್ಲಿ ಅಮೆರಿಕದಲ್ಲಿ ಕಚ್ಚಾ ತೈಲದ ರೇಟು ಸೊನ್ನೆಗಿಂತ ಕೆಳಗೆ ಹೋಯ್ತು, ದುಬೈನ ಎಕ್ಸ್‌ಪೋ ಅನ್ನೋ ವಿಶ್ವ ಮೇಳ ಒಂದು ವರ್ಷ ಮುಂದಕ್ಕೆ ಹೋಯ್ತು, ನನಗೆ ಬರೋ ಫೋನು ಮಾತ್ರ ಮೂರು ಪಟ್ಟಾಯ್ತು. ಬೆಳಿಗ್ಗೆ ಒಬ್ರು, ಸಂಜೆ ಒಬ್ರು, ರಾತ್ರಿ ಸೀನಿಯರ್ ಮ್ಯಾನೇಜರ್ ಅಂತ ಇನ್ನೊಬ್ರು. ಮಾರೋ ತನಕ ಇವ್ರ ಸರ್ವೀಸಿಗೆ ಐದಕ್ಕೆ ಆರು ಸ್ಟಾರ್ ಕೊಡಬಹುದು, ಸುಳ್ಳು ಹೇಳಲ್ಲ.

ಅವ್ರು ಮಾರೋಕೆ ಹೊರಟಿದ್ದು ಆಫ್ ಪ್ಲಾನ್, ಅಂದ್ರೆ ಇನ್ನೂ ಕಟ್ಟದೇ ಇರೋ ಮನೆ. 10 ಪರ್ಸೆಂಟ್ ಕೊಡಿ, ಉಳಿದಿದ್ದು ಕಂತಲ್ಲಿ ಅಂತ. ನಾನೂ ಬಿದ್ದೋಗ್ತಿದ್ದೆ, ಉಳಿಸಿದ್ದು ಭಾವ. ಅಕ್ಕನ ಗಂಡ, ಉಡುಪಿ ಕಡೆಯವ್ರು, 2003ರಿಂದ ದುಬೈಲೇ ಇದಾರೆ. ಫಾರಿನರ್‌ಗಳು ಅಲ್ಲಿ ಫ್ರೀಹೋಲ್ಡ್, ಅಂದ್ರೆ ಪೂರ್ತಿ ಸ್ವಂತ ಹಕ್ಕಿನ ಮನೆ ತಗೋಬಹುದು ಅಂತ 2002ರಲ್ಲಿ ಬಾಗಿಲು ತೆಗೆದಾಗಿನಿಂದ ಊರೆಲ್ಲ ಮನೆ ಮಾತೇ ಅಂತೆ, ಇವ್ರೂ 2006ರಲ್ಲಿ ಒಂದು ಒನ್ ಬೆಡ್‌ರೂಮ್ ಬುಕ್ ಮಾಡಿದ್ರು. ಗ್ರಾಹಕರ ದುಡ್ಡನ್ನ ಬಿಲ್ಡರ್ ಎಸ್ಕ್ರೋ ಅಕೌಂಟಲ್ಲೇ (ಆ ಕಟ್ಟಡಕ್ಕೆ ಬಿಟ್ಟು ಬೇರೆಯದಕ್ಕೆ ತೆಗೆಯೋಕಾಗದ ಅಕೌಂಟು) ಇಡಬೇಕು ಅನ್ನೋ ಕಾನೂನು ಬಂದಿದ್ದು 2007ರಲ್ಲಿ. ಒಂದು ವರ್ಷದ ಅಂತರ. 35 ಪರ್ಸೆಂಟ್ ಕಟ್ಟೋ ಹೊತ್ತಿಗೆ ಸೈಟಲ್ಲಿ ಒಂದು ಗುಂಡಿ ಬಿಟ್ರೆ ಏನೂ ಎದ್ದಿರ್ಲಿಲ್ಲ, ಆಮೇಲೆ 2008ರ ಕ್ರೈಸಿಸ್, ರೇಟು ಹೆಚ್ಚುಕಮ್ಮಿ ಅರ್ಧಕ್ಕೆ ಬಿತ್ತು, 2009ರ ನವೆಂಬರ್ 25ಕ್ಕೆ ದುಬೈ ವರ್ಲ್ಡ್ ಅನ್ನೋ ಸರ್ಕಾರಿ ಕಂಪನಿನೇ ಸಾಲ ತೀರಿಸೋಕೆ ಟೈಮ್ ಕೊಡಿ ಅಂತು, ಡಿಸೆಂಬರಲ್ಲಿ ಅಬುಧಾಬಿ 10 ಬಿಲಿಯನ್ ಡಾಲರ್ ಕೊಟ್ಟು ಎತ್ತಿಕೊಳ್ತು. 2010ರ ಜನವರಿ 4ಕ್ಕೆ ಬುರ್ಜ್ ದುಬೈ ಓಪನ್ ಆಗೋ ದಿನ ಅದರ ಹೆಸರು ಬುರ್ಜ್ ಖಲೀಫಾ ಆಗಿತ್ತು, ಅಬುಧಾಬಿ ದೊರೆ ಹೆಸರು. ಭಾವ ಈಗ್ಲೂ ಹೇಳ್ತಾರೆ, "ಆ ಬಿಲ್ಡಿಂಗಿಗೆ ಹೆಸರು ಸಿಕ್ಕಿತು, ನನಗೆ ಗುಂಡಿ ಸಿಕ್ಕಿತು ಮಾರಾಯ."

ಹಾಗಾಗಿ ಅವ್ರದ್ದು ಒಂದೇ ಕಂಡೀಷನ್, ಕಟ್ಟಿ ಮುಗಿದಿರಬೇಕು, ಒಳಗೆ ಬಾಡಿಗೆಯವ್ರು ಇರಬೇಕು, "ಕುಸಿತದ ಟೈಮಲ್ಲಿ ಚಿತ್ರ ಖರೀದಿ ಮಾಡ್ಬೇಡ." ಏಜೆನ್ಸಿಗೆ ಇದು ಇಷ್ಟ ಆಗ್ಲಿಲ್ಲ. ಆಫ್ ಪ್ಲಾನ್ ಮಾರಿದ್ರೆ ಬಿಲ್ಡರ್ ಕೊಡೋ ಕಮಿಷನ್ ದೊಡ್ದು, ರೆಡಿ ಮನೆಗೆ ನಾನು ಕೊಡೋ 2 ಪರ್ಸೆಂಟ್ ಅಷ್ಟೇ. ಆವತ್ತಿಂದ ಸೀನಿಯರ್ ಮ್ಯಾನೇಜರ್ ಫೋನ್ ನಿಂತೋಯ್ತು, ಜೂನಿಯರ್ ಹುಡುಗ ಒಬ್ನೇ ಉಳಿದ.

ಇನ್ನೊಂದು ವಿಷಯ ಯಾವ ಏಜೆಂಟೂ ಹೇಳಲ್ಲ. ಹೊರಗಡೆ ಮಾರ್ಕೆಟ್ ಬಿದ್ದಾಗ ನಮ್ಮ ರೂಪಾಯಿನೂ ಜೊತೆಗೆ ಬೀಳತ್ತೆ. ಅಲ್ಲಿನ ದುಡ್ಡು ದಿರ್ಹಮ್‌ನ 1997ರಿಂದ ಡಾಲರ್‌ಗೆ 3.6725ಕ್ಕೆ ಕಟ್ಟಿಹಾಕಿದಾರೆ, ಅಲ್ಲಾಡಲ್ಲ. 2008ರ ಶುರುವಲ್ಲಿ ಡಾಲರ್ 39, 40 ರೂಪಾಯಿ ಇತ್ತು, 2009ರ ಮಾರ್ಚಿಗೆ 51 ದಾಟ್ತು. ಅಂದ್ರೆ ದುಬೈಲಿ ಮನೆ ಅರ್ಧ ರೇಟಿಗೆ ಬಿದ್ರೂ ಬೆಂಗಳೂರಿಂದ ದುಡ್ಡು ಕಳಿಸೋನಿಗೆ ಸಿಗೋ ಡಿಸ್ಕೌಂಟು ಮೂರನೇ ಒಂದು ಭಾಗ ಅಷ್ಟೇ. ಅರ್ಧ ರೇಟು ಅನ್ನೋದು ಅಲ್ಲೇ ದಿರ್ಹಮ್‌ನಲ್ಲಿ ದುಡಿಯೋ ಭಾವನಂಥವ್ರಿಗೆ, ಅವ್ರ ಹತ್ರ ಆಗ ದುಡ್ಡಿರ್ಲಿಲ್ಲ, ಅದು ಬೇರೆ ಮಾತು.

ಸರಿ, ಜೂನಲ್ಲಿ ಮನೆ ನೋಡೋ ಕಾರ್ಯಕ್ರಮ. ಫ್ಲೈಟ್ ಇಲ್ಲ, ವಾಟ್ಸಾಪ್ ವೀಡಿಯೋ ಕಾಲ್. ದುಬೈನ ಸ್ಪೋರ್ಟ್ಸ್ ಸಿಟಿ ಏರಿಯಾಲಿ 460 ಚದರಡಿ ಸ್ಟುಡಿಯೋ, ಅಂದ್ರೆ ಒಂದೇ ರೂಮಿನ ಫ್ಲಾಟು, ಕೇಳ್ತಿದ್ದಿದ್ದು 3,10,000 ದಿರ್ಹಮ್. ಹುಡುಗ ಮೊದ್ಲು ಬಾಲ್ಕನಿಗೇ ಹೋದ, ಬಿಸಿಲು, ಮರಳು, ದೂರದಲ್ಲಿ ಗಾಲ್ಫ್ ಹಸಿರು, ಹತ್ತು ನಿಮಿಷ ಅದನ್ನೇ ತೋರಿಸ್ದ. ಭಾವನೂ ಕಾಲಲ್ಲಿ ಇದ್ರು. ನಲ್ಲಿ ಬಿಡಿ ಅಂದೆ, ಬಿಟ್ಟ. ಫ್ಲಷ್ ಮಾಡಿ ಅಂದೆ, ಮಾಡ್ದ. ಬಾತ್‌ರೂಮ್ ಬಾಗ್ಲು ಹಾಕಿ ಅದರ ಹಿಂದಿನ ಗೋಡೆ ತೋರಿಸಿ ಅಂದಾಗ ಮಾತ್ರ ಫೋನು ಸ್ವಲ್ಪ ಶೇಕ್ ಆಯ್ತು. ಗೋಡೆ ಬುಡದಲ್ಲಿ ಒಂದು ಮೊಳ ಅಗಲ ಪೇಂಟು ಹಪ್ಪಳದ ಥರ ಎದ್ದಿತ್ತು. "ಅದು ಲೈಟಿಂಗ್ ಸರ್, ನೆರಳು" ಅಂದ. ಭಾವ ಇಡೀ ಕಾಲಲ್ಲಿ ಬಾಯಿ ಬಿಟ್ಟಿದ್ದು ಆಗ ಮಾತ್ರ, "ಎಂತ ನೆರಳು ಮಾರಾಯ, ಪಸೆ ಅದು. ಉಗುರಲ್ಲಿ ಒಮ್ಮೆ ಕೆರೆದು ನೋಡು." ಪಾಪ ಕೆರೆದ, ಚಕ್ಕೆ ಬಿತ್ತು. ಮೇಲಿನ ಫ್ಲೋರಿಂದ ಲೀಕು. ಓನರ್ ರಿಪೇರಿ ಮಾಡಿಸಿಕೊಟ್ಟ ಮೇಲೇ ಮುಂದಕ್ಕೆ ಹೋಗಿದ್ದು. ಮಳೆಗಾಲದಲ್ಲಿ ಬೆಳೆದವ್ರಿಗೆ ಗೋಡೆ ನೋಡೋಕೆ ಬೇರೆ ಕಣ್ಣೇ ಇರತ್ತೆ ಅನ್ಸತ್ತೆ.

ಖರ್ಚು. ಲ್ಯಾಂಡ್ ಡಿಪಾರ್ಟ್‌ಮೆಂಟ್ ಟ್ರಾನ್ಸ್‌ಫರ್ ಫೀ 4 ಪರ್ಸೆಂಟ್, 12,400 ದಿರ್ಹಮ್. ಏಜೆಂಟ್ ಕಮಿಷನ್ 2 ಪರ್ಸೆಂಟ್, ಅದರ ಮೇಲೆ 5 ಪರ್ಸೆಂಟ್ ವ್ಯಾಟ್, 6,510. ರಿಜಿಸ್ಟ್ರೇಷನ್ ಮಾಡಿಕೊಡೋ ಟ್ರಸ್ಟೀ ಆಫೀಸಿಗೆ 2,100. ಸಣ್ಣಪುಟ್ಟದ್ದು ಸೇರಿ 3,31,500 ಹತ್ರ, ಆಗಿನ ರೇಟಲ್ಲಿ 66 ಲಕ್ಷ ಚಿಲ್ಲರೆ. ನಾನು ಹೋಗೋಕಾಗಲ್ಲ ಅಂತ ಭಾವನ ಹೆಸರಿಗೆ ಪವರ್ ಆಫ್ ಅಟಾರ್ನಿ ಮಾಡ್ಬೇಕಿತ್ತು, ಒಂದು ವಾರದ ಕೆಲ್ಸ ಅಂದ್ರು ಏಜೆನ್ಸಿಯವ್ರು. ನೋಟರಿ, ರಾಜ್ಯ ಸರ್ಕಾರದ ಸೀಲು, ವಿದೇಶಾಂಗ ಇಲಾಖೆ ಸೀಲು, ಯುಎಇ ರಾಯಭಾರ ಕಚೇರಿ ಸೀಲು, ಅಲ್ಲಿಗೆ ಹೋದ್ಮೇಲೆ ಅಲ್ಲಿನ ವಿದೇಶಾಂಗ ಇಲಾಖೆ, ಅರೇಬಿಕ್ ಅನುವಾದ, ಏಳು ವಾರ ಹಿಡೀತು. ಪೇಪರ್ ಹಿಂದೆಲ್ಲ ಸೀಲು ಬಿದ್ದು ಬಿದ್ದು ಬರೆಯೋಕೆ ಜಾಗ ಇರ್ಲಿಲ್ಲ.

ದುಡ್ಡು ಕಳಿಸೋದೂ ಅದೇ ಕಥೆ. ಹೊರದೇಶಕ್ಕೆ ದುಡ್ಡು ಕಳಿಸೋಕೆ ರಿಸರ್ವ್ ಬ್ಯಾಂಕ್ ಇಟ್ಟಿರೋ ಎಲ್‌ಆರ್‌ಎಸ್ ಲಿಮಿಟ್ ವರ್ಷಕ್ಕೆ ಒಬ್ಬರಿಗೆ 2,50,000 ಡಾಲರ್, ನನ್ನದು 90,000 ಚಿಲ್ಲರೆ, ತೊಂದ್ರೆ ಇಲ್ಲ. ಇಲ್ಲಿನ ಬ್ಯಾಂಕು ಇದಕ್ಕೆ ಸಾಲ ಕೊಡೋ ಹಾಗಿಲ್ಲ, ಎಲ್ಲ ಸ್ವಂತ ದುಡ್ಡೇ ಆಗಬೇಕು. (2013ರ ಆಗಸ್ಟಲ್ಲಿ ರೂಪಾಯಿ ಬಿದ್ದಾಗ ಲಿಮಿಟ್ 75,000ಕ್ಕೆ ಇಳಿಸಿ ಹೊರಗೆ ಮನೆ ತಗೊಳ್ಳೋದನ್ನೇ ಸ್ವಲ್ಪ ದಿನ ನಿಲ್ಲಿಸಿದ್ರು, ಅಂದ್ರೆ ಕಂತಿನ ಮಧ್ಯೆ ಇದ್ದೋರ ಗತಿ ಯೋಚ್ನೆ ಮಾಡಿ.) ಅಕ್ಟೋಬರ್ 1, 2020ರಿಂದ 7 ಲಕ್ಷದ ಮೇಲಿನ ಹಣಕ್ಕೆ 5 ಪರ್ಸೆಂಟ್ ಟಿಸಿಎಸ್ (ಕಳಿಸುವಾಗ್ಲೇ ಬ್ಯಾಂಕು ಮುಂಗಡ ಹಿಡ್ಕೊಳ್ಳೋ ಟ್ಯಾಕ್ಸು) ಶುರು ಆಗೋದಿತ್ತು, ಏಜೆನ್ಸಿಯವ್ರು ಇದರ ಬಗ್ಗೆ ಒಂದಕ್ಷರ ಹೇಳ್ಲಿಲ್ಲ, ಹೇಳಿದ್ದು ಬ್ಯಾಂಕ್ ಕೌಂಟರಲ್ಲಿ ಕೂತಿದ್ದ ಮೇಡಂ. "ಸರ್ ಈ ತಿಂಗಳೇ ಕಳಿಸಿ" ಅಂದ್ರು. ಸೆಪ್ಟೆಂಬರ್ 24ಕ್ಕೆ ಕಳಿಸ್ದೆ, ಹಿಂದಿನ ವರ್ಷ ಅಕ್ಕನ ಮನೆಗೆ ಹೋದಾಗ ಅಲ್ಲಿ ತೆರೆದಿದ್ದ ಅಕೌಂಟಿಗೆ. 3 ಲಕ್ಷ ಲಾಕ್ ಆಗೋದು ತಪ್ಪಿತು. ಈಗ ಅದು 10 ಲಕ್ಷದ ಮೇಲೆ 20 ಪರ್ಸೆಂಟು, ರಿಟರ್ನ್ ಹಾಕಿದಾಗ ವಾಪಸ್ ಸಿಗತ್ತೆ ನಿಜ, ಅಲ್ಲಿ ತನಕ ಕೈಯಲ್ಲಿರಲ್ಲ.

ಆಮೇಲೆ "ಟ್ಯಾಕ್ಸ್ ಫ್ರೀ ಇನ್ಕಮ್". ಬ್ರೋಷರಲ್ಲಿ ದೊಡ್ಡಕ್ಷರದಲ್ಲಿತ್ತು. ನಮ್ಮ ಸಿಎ ಅದನ್ನ ಓದಿ ನಕ್ಕಿದ್ದು ಇನ್ನೂ ಕಿವೀಲಿದೆ. ದುಬೈಲಿ ಟ್ಯಾಕ್ಸ್ ಇಲ್ಲ, ನಾನು ಇರೋದು ಜಯನಗರದಲ್ಲಿ. ಬಾಡಿಗೆಯಲ್ಲಿ 30 ಪರ್ಸೆಂಟ್ ಕಳೆದು ಉಳಿದಿದ್ದಕ್ಕೆ ಇಲ್ಲಿ ನನ್ನ ಸ್ಲ್ಯಾಬ್ ಪ್ರಕಾರ ಕಟ್ಟಬೇಕು, ರಿಟರ್ನ್‌ನಲ್ಲಿ ಶೆಡ್ಯೂಲ್ ಎಫ್ಎ ಅನ್ನೋ ಫಾರಿನ್ ಆಸ್ತಿ ಪಟ್ಟಿ ತುಂಬಿ ಫ್ಲಾಟ್ ತೋರಿಸ್ಬೇಕು, ತೋರಿಸ್ದಿದ್ರೆ 2015ರ ಕಪ್ಪುಹಣದ ಕಾಯ್ದೆಲಿ 10 ಲಕ್ಷ ದಂಡ. ಇದನ್ನ ಹೇಳದೇ ಮಾರೋದು ನನ್ನ ಪ್ರಕಾರ ತಪ್ಪು, ಒಂದು ಸ್ಟಾರ್ ಇಲ್ಲೇ ಹೋಯ್ತು.

ಇನ್ನು ಚಿಲ್ಲರ್. ಅಲ್ಲಿ ಕೆಲವು ಬಿಲ್ಡಿಂಗ್‌ಗೆ ಎಸಿಯ ತಣ್ಣೀರು ಹೊರಗಿನ ಪ್ಲಾಂಟಿಂದ ಪೈಪಲ್ಲಿ ಬರತ್ತೆ, ಬಾಡಿಗೆಯವ್ರು ಬಳಸಿದ್ದಕ್ಕೆ ಅವ್ರು ಕಟ್ತಾರೆ, ಆದ್ರೆ ಕೆಪ್ಯಾಸಿಟಿ ಚಾರ್ಜ್ ಅಂತ ಇನ್ನೊಂದಿದೆ, ನನ್ನ ಬಿಲ್ಡಿಂಗಲ್ಲಿ ಅದು ಓನರ್ ತಲೆಗೆ, ಮನೆ ಖಾಲಿ ಇದ್ರೂ ಕಟ್ಟಬೇಕು. ಫೋನಲ್ಲಿ ಹುಡುಗ "ಚಿಲ್ಲರ್ ಸ್ವಲ್ಪ ಇರತ್ತೆ ಸರ್" ಅಂದಿದ್ದ, ನಾನು ಚಿಲ್ಲರೆ ಖರ್ಚು ಅನ್ಕೊಂಡಿದ್ದೆ. ವರ್ಷಕ್ಕೆ 1,900 ದಿರ್ಹಮ್! ಬಿಲ್ಡಿಂಗ್ ಮೇಂಟೆನೆನ್ಸಿನ ಸರ್ವೀಸ್ ಚಾರ್ಜ್ ಚದರಡಿಗೆ 15ರಂತೆ 6,900. ಬಾಡಿಗೆ ನೋಡ್ಕೊಳ್ಳೋಕೆ ಏಜೆನ್ಸಿಗೆ 5 ಪರ್ಸೆಂಟ್, 1,300. ಬಾಡಿಗೆ 26,000 ಬರ್ತಿತ್ತು, ಕೈಗೆ ಉಳಿದಿದ್ದು 15,900. ಅವ್ರ ಪೇಪರಲ್ಲಿ 8.4 ಪರ್ಸೆಂಟ್ ಅಂತ ಇದ್ದಿದ್ದು ಹಾಕಿದ ದುಡ್ಡಿಗೆ ಲೆಕ್ಕ ಹಾಕಿದ್ರೆ 4.8. ಇಲ್ಲಿ ಟ್ಯಾಕ್ಸ್ ಕಟ್ಟೋಕೆ ಮುಂಚೆ.

ನಿಜವಾಗ್ಲೂ ಸಿಟ್ಟು ಬಂದಿದ್ದು 2022ರಲ್ಲಿ. ಮಾರ್ಕೆಟ್ ಮೇಲೆದ್ದಿತ್ತು, ಅದೇ ಬಿಲ್ಡಿಂಗಲ್ಲಿ ಬೇರೆಯವ್ರು 36,000ಕ್ಕೆ ಕೊಡ್ತಿದ್ರು. ಅಲ್ಲಿ ಬಾಡಿಗೆ ಇಷ್ಟಬಂದಷ್ಟು ಏರಿಸೋ ಹಾಗಿಲ್ಲ, ಆಗ ರೇರಾ (ಅಲ್ಲಿನ ರಿಯಲ್ ಎಸ್ಟೇಟ್ ನಿಯಂತ್ರಣ ಸಂಸ್ಥೆ) ಕ್ಯಾಲ್ಕುಲೇಟರ್ ಅಂತ ಇತ್ತು, ನನ್ನ ಲೆಕ್ಕಕ್ಕೆ 10 ಪರ್ಸೆಂಟ್ ಏರಿಸಬಹುದಿತ್ತು. ಆದ್ರೆ ಅಗ್ರಿಮೆಂಟ್ ಮುಗಿಯೋ 90 ದಿನ ಮುಂಚೆ ನೋಟಿಸ್ ಕೊಡ್ಬೇಕು, ಕಾನೂನು. ಸೆಪ್ಟೆಂಬರ್ ಕೊನೆಗೆ ಮುಗಿಯೋ ಅಗ್ರಿಮೆಂಟಿಗೆ ನಮ್ಮ ಏಜೆನ್ಸಿಗೆ ನೆನಪಾಗಿದ್ದು ಆಗಸ್ಟಲ್ಲಿ. ಬಾಡಿಗೆಗಿದ್ದೋರು ಕೇರಳದ ನರ್ಸ್, ಬಹಳ ಮರ್ಯಾದಸ್ಥರು, ವರ್ಷದ ಬಾಡಿಗೆಯ ನಾಲ್ಕು ಚೆಕ್ಕೂ ಒಂದು ದಿನ ತಪ್ಪದೇ ಪಾಸಾಗ್ತಿದ್ವು, ಅವ್ರು ಎರಡು ಸಾಲಿನ ಮೇಲ್ ಕಳಿಸಿದ್ರು, ಬಾಡಿಗೆ ಕಾನೂನಿನ 14ನೇ ಕಲಂ ಪ್ರಕಾರ ಟೈಮ್ ಮೀರಿದೆ, ಹಳೇ ಬಾಡಿಗೆಯಲ್ಲೇ ಮುಂದುವರೀತೀನಿ ಅಂತ. ಅವ್ರದ್ದು ನೂರಕ್ಕೆ ನೂರು ಸರಿ. 2,600 ದಿರ್ಹಮ್, ಐವತ್ತು ಸಾವಿರದ ಮೇಲೆ ಹೋಯ್ತು, ಆ ವರ್ಷನೂ ಏಜೆನ್ಸಿ ತನ್ನ 1,300 ಹಿಡ್ಕೊಂಡೇ ಉಳಿದಿದ್ದು ಹಾಕಿದ್ದು. ಕೇಳಿದ್ರೆ "ಸಿಸ್ಟಮ್ ಅಪ್‌ಡೇಟ್ ಆಗ್ತಿತ್ತು ಸರ್."

ಚೆನ್ನಾಗಿರೋದೂ ಹೇಳ್ಬೇಕಲ್ಲ. ಅಲ್ಲಿನ ಸರ್ಕಾರದ ಕೆಲಸ ಚೊಕ್ಕ. ಟ್ರಸ್ಟೀ ಆಫೀಸಲ್ಲಿ ಭಾವ ಒಳಗೆ ಹೋಗಿ ಟೈಟಲ್ ಡೀಡ್ ಹಿಡ್ಕೊಂಡು ಹೊರಗೆ ಬಂದಿದ್ದು ಒಂದು ಗಂಟೆ ಒಳಗೆ, ನಮ್ಮ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಟೋಕನ್ ಕೂಗೋ ಹೊತ್ತಿಗೆ ಅಲ್ಲಿ ಮನೆನೇ ಕೈಗೆ ಬಂದಿರತ್ತೆ. ದುಬೈ ರೆಸ್ಟ್ ಅನ್ನೋ ಸರ್ಕಾರಿ ಆಪ್‌ನಲ್ಲಿ ಡೀಡ್ ಕೂತಲ್ಲೇ ನೋಡಬಹುದು. ಏಜೆನ್ಸಿ ಬ್ರೋಷರಲ್ಲಿ ಇದಾವುದೂ ಇರ್ಲಿಲ್ಲ, ಸ್ವಿಮ್ಮಿಂಗ್ ಪೂಲ್ ಫೋಟೋ ಮೂರು ಪೇಜ್ ಇತ್ತು.

ಈಗ ಆ ಥರದ ಸ್ಟುಡಿಯೋ ನಾನು ಕೊಟ್ಟಿದ್ದಕ್ಕಿಂತ ಎಷ್ಟೋ ಮೇಲೆ ಹೋಗ್ತಿದೆ, ದಿರ್ಹಮ್ ಬೇರೆ 20 ರೂಪಾಯಿ ಇದ್ದಿದ್ದು 23 ದಾಟಿದೆ, ಕಾಗದದ ಮೇಲೆ ಒಳ್ಳೇ ಲಾಭ. ಇದನ್ನ ನನ್ನ ಬುದ್ಧಿವಂತಿಕೆ ಅಂತ ನೆಂಟರ ಮುಂದೆ ಹೇಳ್ಕೋತೀನಿ, ಇಲ್ಲಿ ನಿಜ ಹೇಳ್ತೀನಿ, ಲಕ್. 2014ರಲ್ಲಿ ತಗೊಂಡಿದ್ರೆ ಆರು ವರ್ಷ ಇಳಿಯೋದನ್ನೇ ನೋಡ್ಕೊಂಡು ಕೂತಿರ್ತಿದ್ದೆ, ಆಗ್ಲೂ ಇದೇ ಥರ ಟೇಬಲ್ ಹಾಕಿ ಇದೇ ಟೈಮು ಅಂತಾನೇ ಯಾರೋ ಹೇಳಿರ್ತಿದ್ರು. ಅಲ್ಲಿ ಗೋಡೆ ಕೆರೆದು ನೋಡೋ ನಿಮ್ಮವ್ರು ಒಬ್ರು ಇದ್ರೆ ಏಜೆನ್ಸಿ ಯಾವುದಾದ್ರೂ ನಡಿಯತ್ತೆ, ಇಲ್ದಿದ್ರೆ ಇವ್ರ ಹತ್ರ ಹೋಗ್ಬೇಡಿ.

ಹೋದ ವಾರ ಅದೇ ಹುಡುಗ (ಈಗ ಅವ್ನೇ ಸೀನಿಯರ್ ಮ್ಯಾನೇಜರ್) ಮೆಸೇಜ್ ಹಾಕಿದ್ದ, ಹೊಸ ಲಾಂಚ್, 60:40 ಪೇಮೆಂಟ್ ಪ್ಲಾನ್, ಮಾರ್ಕೆಟ್ ಏರ್ತಿದೆ ಸರ್ ಇದೇ ಟೈಮು ಅಂತ. ಮಾರ್ಚಲ್ಲಿ ಎಸಿ ರಿಪೇರಿಗೆ 850 ದಿರ್ಹಮ್ ಕಟ್ ಮಾಡಿದ್ರಲ್ಲ, ಅದರ ಬಿಲ್ ಕಳಿಸಪ್ಪ ಮೊದ್ಲು ಅಂದೆ. ನೀಲಿ ಟಿಕ್ ಬಿದ್ದು ಆರು ದಿನ ಆಯ್ತು.