ಲಿಂಬೋ, ಇನ್‌ಸೈಡ್, ಗ್ರಿಸ್: ಮೂರನ್ನೂ ಆಡಿ ಮುಗಿಸಿದ ಮೇಲೆ

ಈ ಮಳೆಗಾಲದಲ್ಲಿ ಮೂರು ಇಂಡೀ ಗೇಮ್, ಅಂದರೆ ಸಣ್ಣ ಸ್ವತಂತ್ರ ತಂಡಗಳು ಮಾಡಿದ ವಿಡಿಯೋ ಗೇಮ್ ಮುಗಿಸಿದೆ. ಮೂರೂ ಓಡುತ್ತಾ, ಹಾರುತ್ತಾ ಮುಂದೆ ಹೋಗುವ ಪ್ಲಾಟ್‌ಫಾರ್ಮ್ ಆಟಗಳು. ಯಾವುದರಲ್ಲೂ ಮಾತಿಲ್ಲ, ಕಥೆ ಬಿಡಿಸಿ ಹೇಳುವವರಿಲ್ಲ. ಮೊದಲು ಯಾವುದು ಆಡೋದು ಅಂತ ಗೆಳೆಯರು ಕೇಳುತ್ತಾರೆ. ನಾನು ನೋಡುವುದು ಒಂದೇ: ನಾವು ತಪ್ಪು ಮಾಡಿದಾಗ ಆಟ ನಮ್ಮನ್ನು ಏನು ಮಾಡುತ್ತದೆ?

ಲಿಂಬೋ ಸಾಯಿಸುತ್ತದೆ. ಅದೂ ಎಷ್ಟು ಸಲ! ಡೆನ್ಮಾರ್ಕ್‌ನ ಪ್ಲೇಡೆಡ್ ತಂಡ 2010ರಲ್ಲಿ ತಂದ ಆಟ ಇದು. ಪೂರ್ತಿ ಕಪ್ಪು ಬಿಳುಪು. ಕಾಡಿನಲ್ಲಿ ಒಬ್ಬ ಹುಡುಗ ಕಣ್ಣು ಬಿಡುತ್ತಾನೆ, ತಂಗಿಯನ್ನು ಹುಡುಕಿಕೊಂಡು ಹೊರಡುತ್ತಾನೆ. ಅವನ ಮುಖ ಕಾಣಿಸುವುದಿಲ್ಲ, ಎರಡು ಬಿಳಿ ಕಣ್ಣು ಮಾತ್ರ. ನಡೆಯಬಹುದು, ಹಾರಬಹುದು, ಏನನ್ನಾದರೂ ಹಿಡಿದು ಎಳೆಯಬಹುದು. ಅಷ್ಟೇ.

ಕಾಡಿನಲ್ಲಿ ಒಂದು ದೈತ್ಯ ಜೇಡ ಎದುರಾಗುವ ಜಾಗ ಮರೆಯುವ ಹಾಗೇ ಇಲ್ಲ. ಮರದ ಹಿಂದಿನಿಂದ ಉದ್ದನೆಯ ಕಾಲು ನಿಧಾನಕ್ಕೆ ಮೇಲೇಳುತ್ತದೆ. ಒಂದು ಕ್ಷಣ ನಿಲ್ಲುತ್ತದೆ, ಆಮೇಲೆ ಈಟಿಯ ಹಾಗೆ ಚುಚ್ಚುತ್ತದೆ. ನಾನು ಹಾರಿ ದಾಟಲು ನೋಡಿದೆ, ಸತ್ತೆ. ಓಡಿ ನೋಡಿದೆ, ಸತ್ತೆ. ಕೊನೆಗೆ ಗೊತ್ತಾಯಿತು: ಜೇಡ ನೆಲಕ್ಕೆ ಬಡಿಯುವ ರಭಸಕ್ಕೆ, ಹಿಂದೆ ಮರದಲ್ಲಿ ಸಿಕ್ಕಿಕೊಂಡಿದ್ದ, ಕಾಲು ಕಚ್ಚಿ ಹಿಡಿಯುವ ಕಬ್ಬಿಣದ ಬೋನು ಕೆಳಗೆ ಬೀಳುತ್ತದೆ. ಅದನ್ನು ಎಳೆದು ತಂದು ಕಾಲು ಬೀಳುವ ಕಡೆ ಇಡಬೇಕು. ಪಕ್ಕದಲ್ಲಿ ಕೂತು ನೋಡುತ್ತಿದ್ದ ಅಮ್ಮ, "ಆ ಮಗೂನ ಇನ್ನೆಷ್ಟು ಸಲ ಸಾಯಿಸ್ತೀಯೋ?" ಅಂತ ಎದ್ದು ಹೋದರು. ಆದರೆ ಲಿಂಬೋದಲ್ಲಿ ಸಾವೇ ಪಾಠ. ಸತ್ತ ಮರುಕ್ಷಣ ಸ್ವಲ್ಪ ಹಿಂದಿನಿಂದ ಮತ್ತೆ ಶುರು, ಕಾಯಿಸುವುದಿಲ್ಲ. ಹಾಗಾಗಿ ಬೇಜಾರಾಗುವುದಿಲ್ಲ, ಹಟ ಹುಟ್ಟುತ್ತದೆ.

ಒಂದು ದೂರು ಇದೆ. ಮೊದಲರ್ಧದ ಕಾಡು ಕೊಟ್ಟ ಭಯವನ್ನು ದ್ವಿತೀಯಾರ್ಧದ ಕಾರ್ಖಾನೆ ಕೊಡುವುದಿಲ್ಲ. ಗರಗಸ, ಕ್ರೇನ್, ತಿರುಗುವ ಚಕ್ರಗಳು, ಮೇಲು ಕೆಳಗಾಗುವ ಗುರುತ್ವ. ಒಗಟುಗಳು ಚೆನ್ನಾಗಿವೆ, ಆದರೆ ಅಷ್ಟೊತ್ತಿಗೆ ನಾನು ತಂಗಿಯನ್ನು ಮರೆತು ಬರೀ ಟೈಮಿಂಗ್ ಲೆಕ್ಕ ಹಾಕುತ್ತಿದ್ದೆ.

ಅದೇ ತಂಡ 2016ರಲ್ಲಿ ಇನ್‌ಸೈಡ್ ತಂದಿತು. ನನಗೆ ಮೂರರಲ್ಲಿ ಇದೇ ಎಲ್ಲಕ್ಕಿಂತ ಮೇಲು. ಇಲ್ಲೂ ಒಬ್ಬ ಹುಡುಗ, ಕೆಂಪು ಅಂಗಿ. ಇಲ್ಲೂ ಸಾಯುತ್ತೀರಿ, ಲಿಂಬೋಗಿಂತ ಕಡಿಮೆ. ಇದರ ಬಲ ಇರುವುದು ಸಾವಿಗೆ ಮುಂಚಿನ ಭಯದಲ್ಲಿ. ಹಿಂದೆ ನಾಯಿಗಳು ಬೊಗಳುತ್ತಾ ಬರುತ್ತವೆ, ಮುಂದೆ ನೀರು. ಕೂದಲೆಳೆ ಅಂತರದಲ್ಲಿ ಬಚಾವಾಗುವ ಹಾಗೆ ಎಲ್ಲವನ್ನೂ ಅಳೆದು ಇಟ್ಟಿದ್ದಾರೆ.

ಒಂದು ಕಡೆ ಜೀವವೇ ಇಲ್ಲದವರ ಹಾಗೆ ಜನ ಸಾಲಾಗಿ ನಡೆಯುತ್ತಿರುತ್ತಾರೆ. ಸುತ್ತ ಕಾವಲು. ನಾವೂ ಆ ಸಾಲಿನಲ್ಲಿ ಸೇರಿಕೊಳ್ಳಬೇಕು. ಅವರು ನಾಲ್ಕು ಹೆಜ್ಜೆ ಇಟ್ಟರೆ ನಾಲ್ಕು, ನಿಂತರೆ ನಿಲ್ಲಬೇಕು, ಜಿಗಿದರೆ ಜಿಗಿಯಬೇಕು. ಕೀ ಮೇಲಿನ ಬೆರಳು ಬೆವರಿತ್ತು. ಒಂದು ಹೆಜ್ಜೆ ಜಾಸ್ತಿ ಇಟ್ಟೆ, ಸಿಕ್ಕಿಬಿದ್ದೆ. ಇಲ್ಲಿ ಶತ್ರುವಿಗೆ ಜೇಡದಂತೆ ಒಂದು ರೂಪ ಇಲ್ಲ. ಈ ಜನಕ್ಕೆ ಏನಾಗಿದೆ ಎನ್ನುವ ಪ್ರಶ್ನೆಯೇ ಬೆನ್ನ ಹಿಂದೆ ಬರುತ್ತದೆ.

ದಯವಿಟ್ಟು ಹೆಡ್‌ಫೋನ್ ಹಾಕಿಕೊಂಡೇ ಆಡಿ. ಲಿಂಬೋ, ಇನ್‌ಸೈಡ್ ಎರಡರ ಸದ್ದೂ ಮಾರ್ಟಿನ್ ಸ್ಟಿಗ್ ಆಂಡರ್ಸನ್ ಅವರದು. ಇನ್‌ಸೈಡ್‌ಗಾಗಿ ಅವರು ಸದ್ದುಗಳನ್ನು ನಿಜವಾದ ಮನುಷ್ಯನ ತಲೆಬುರುಡೆಯ ಮೂಲಕ ಹಾಯಿಸಿ ರೆಕಾರ್ಡ್ ಮಾಡಿದ್ದಾರೆ. ಇದು ಗೊತ್ತಾಗುವ ಮೊದಲೇ ನನಗೆ ಆ ಸದ್ದು ಹೊರಗಿನಿಂದ ಬರುತ್ತಿಲ್ಲ, ತಲೆಯ ಒಳಗೇ ಇದೆ ಅನ್ನಿಸಿತ್ತು. ದೂರದಿಂದ ಅಪ್ಪಳಿಸುವ ಸ್ಫೋಟದ ಅಲೆಗಳ ಜಾಗದಲ್ಲಂತೂ ಕಣ್ಣಿಗಿಂತ ಕಿವಿಯೇ ದಾರಿ ತೋರಿಸಿತು. ಎರಡು ಸದ್ದಿನ ನಡುವೆ ಓಡು, ಮರೆಯಲ್ಲಿ ನಿಲ್ಲು, ಮತ್ತೆ ಓಡು.

ಕೊನೆಯ ಭಾಗದ ಬಗ್ಗೆ ಒಂದು ಮಾತೂ ಹೇಳುವುದಿಲ್ಲ. ಯಾರಿಂದಲೂ ಕೇಳಿಕೊಳ್ಳಬೇಡಿ, ವಿಡಿಯೋ ನೋಡಬೇಡಿ. ನಾನು ರಾತ್ರಿ ಒಂದೂವರೆಗೆ ಮುಗಿಸಿ, ಲೈಟ್ ಹಾಕಿ ಸುಮ್ನೆ ಕೂತಿದ್ದೆ.

ಗ್ರಿಸ್‌ನದು ಬೇರೆಯೇ ದಾರಿ. ಬಾರ್ಸಿಲೋನಾದ ನೊಮಾಡಾ ಸ್ಟುಡಿಯೋ 2018ರಲ್ಲಿ ತಂದ ಈ ಆಟದಲ್ಲಿ ಸಾವೇ ಇಲ್ಲ. ಬಿದ್ದರೆ ಎದ್ದು ಮತ್ತೆ ಹತ್ತುವುದು. ದುಃಖದಲ್ಲಿ ದನಿ ಕಳೆದುಕೊಂಡ ಹುಡುಗಿಯ ಬಣ್ಣವಿಲ್ಲದ ಲೋಕಕ್ಕೆ ಕೆಂಪು, ಹಸಿರು, ನೀಲಿ, ಹಳದಿ ಒಂದೊಂದಾಗಿ ಮರಳುತ್ತವೆ. ಚಿತ್ರಗಳು ಕಲಾವಿದ ಕೊನ್ರಾಡ್ ರೋಸೆಟ್ ಅವರವು. ಜಲವರ್ಣದ ಹಾಳೆ ಮೇಲೆ ನಡೆದ ಹಾಗಿರುತ್ತದೆ. ಬಿರುಗಾಳಿ ಬೀಸಿದಾಗ ಅವಳ ಬಟ್ಟೆ ಭಾರದ ಕಲ್ಲಿನಂತಾಗಿ ನೆಲ ಕಚ್ಚಿ ನಿಲ್ಲುವುದು ನನಗೆ ತುಂಬಾ ಹಿಡಿಸಿತು.

ಅಕ್ಕ ಯಾವತ್ತೂ ಗೇಮ್ ಆಡಿದವಳಲ್ಲ. ಕಂಟ್ರೋಲರ್ ಅವಳ ಕೈಗೆ ಕೊಟ್ಟೆ. ಕಾಡಿನಲ್ಲಿ ಚೌಕಾಕಾರದ ಒಂದು ಪುಟ್ಟ ಜೀವಿ ಸಿಗುತ್ತದೆ, ಅದಕ್ಕೆ ಹಣ್ಣು ಉದುರಿಸಿ ಕೊಡಬೇಕು. "ನೋಡೋ, ನನ್ನ ಹಿಂದೇನೇ ಬರ್ತಿದೆ!" ಅಂತ ಅಕ್ಕ ಕೂಗಿದಳು. ಮೂರು ಸಂಜೆಯಲ್ಲಿ ತಾನೇ ಮುಗಿಸಿದಳು, ನನ್ನ ಕೈಗೆ ಕೊಡಲಿಲ್ಲ. ನನಗೆ ಒಗಟುಗಳು ಸುಲಭ ಅನ್ನಿಸಿದವು, ಕೆಲವು ಕಡೆ ಸುಮ್ನೆ ನಡೆಯುವುದು ಜಾಸ್ತಿ ಆಯಿತು. ಆದರೆ ಗೇಮ್ ಅಂದರೆ ಹೆದರುವವರನ್ನು ಒಳಗೆ ಕರೆದುಕೊಳ್ಳುವ ಶಕ್ತಿ ಉಳಿದೆರಡಕ್ಕೆ ಇಲ್ಲ.

ಹಾಗಾಗಿ, ಮೊದಲ ಸಲ ಆಡುವವರಿಗೆ ಗ್ರಿಸ್. ಆಡಿ ಅಭ್ಯಾಸ ಇದ್ದವರು ಲಿಂಬೋ ಮುಗಿಸಿ ಇನ್‌ಸೈಡ್‌ಗೆ ಹೋಗಿ. ಉಲ್ಟಾ ಆಡಬೇಡಿ, ಇನ್‌ಸೈಡ್ ನೋಡಿದ ಕಣ್ಣಿಗೆ ಲಿಂಬೋದ ಕಾರ್ಖಾನೆ ಇನ್ನೂ ಸಪ್ಪೆಯಾಗಿ ಕಾಣುತ್ತದೆ. ಒಂದೇ ಕೊಳ್ಳುವುದಾದರೆ ಇನ್‌ಸೈಡ್. ಅದರಲ್ಲಿ ಅಲ್ಲಲ್ಲಿ ಹೊಳೆಯುವ ಗೋಳಗಳನ್ನು ಅಡಗಿಸಿಟ್ಟಿದ್ದಾರೆ, ಎಲ್ಲ ಹುಡುಕಿದರೆ ಎರಡನೇ ಮುಕ್ತಾಯಕ್ಕೆ ಬಾಗಿಲು ತೆರೆಯುತ್ತದೆ. ನನಗೆ ಇನ್ನೂ ಮೂರು ಸಿಗಬೇಕು. ಭಾನುವಾರ ಮತ್ತೆ ಆಟದಲ್ಲಿ ಬರುವ ಹೊಲದ ಕಡೆಯಿಂದಲೇ ಶುರು ಮಾಡುತ್ತೇನೆ.