ಲಿನಕ್ಸ್ ಮಿಂಟ್ 22: ನುಡಿಯಲ್ಲಿ ಕೈ ಪಳಗಿದೋರು ಇದನ್ನ ಓದ್ಕೊಂಡು ಹಾಕಿ

ನಾನು ಹೈಸ್ಕೂಲ್ ಕನ್ನಡ ಮೇಷ್ಟ್ರು. ಪ್ರಶ್ನೆಪತ್ರಿಕೆಯಿಂದ ಹಿಡಿದು ನೆಂಟರ ಮದುವೆ ಲಗ್ನಪತ್ರಿಕೆ ತನಕ ಎಲ್ಲಾ ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನಲ್ಲೇ ಟೈಪ್ ಮಾಡ್ಕೊಂಡು ಬಂದವನು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10 ಸಪೋರ್ಟ್ ನಿಂತೋಯ್ತಲ್ಲ, ನಂದು ಆರನೇ ಜನರೇಷನ್ ಐ3 ಪ್ರೊಸೆಸರ್, ವಿಂಡೋಸ್ 11 ಕೇಳೋದು ಎಂಟನೇ ಜನರೇಷನ್ನು ಮತ್ತೆ ಟಿಪಿಎಂ 2.0 ಅನ್ನೋ ಭದ್ರತಾ ವ್ಯವಸ್ಥೆ. ಚೆನ್ನಾಗಿ ಓಡ್ತಿರೋ ಲ್ಯಾಪ್‌ಟಾಪ್ ಮೂಲೆಗೆ ಹಾಕೋಕೆ ಮನಸ್ಸು ಬರ್ಲಿಲ್ಲ, ತಂಗಿ ಮಗ ಹೇಳ್ದ ಅಂತ ವಿಂಡೋಸ್ ಬದಲು ಲಿನಕ್ಸ್ ಮಿಂಟ್ 22 ಅನ್ನೋ ಆಪರೇಟಿಂಗ್ ಸಿಸ್ಟಮ್ಮಿನ ಸಿನಮನ್ ಆವೃತ್ತಿ ಹಾಕಿದೆ.

ನೋಡೋಕೆ ಥೇಟ್ ವಿಂಡೋಸ್ ಥರಾನೇ, ಕೆಳಗೆ ಪಟ್ಟಿ, ಎಡಗಡೆ ಮೆನು. ಅದೇ ಧೈರ್ಯದಲ್ಲಿ ಕೂತೆ, ಮೊದಲನೇ ದಿನಾನೇ ವೈಫೈ ಬರ್ಲಿಲ್ಲ. ಡ್ರೈವರ್ ಮ್ಯಾನೇಜರ್ ಅಂತ ಒಂದಿದೆ, ಅದು ಡ್ರೈವರ್ ಇಳಿಸ್ಕೊಳ್ಳೋಕೆ ಇಂಟರ್ನೆಟ್ ಬೇಕು, ಇಂಟರ್ನೆಟ್ ಬರೋಕೆ ಆ ಡ್ರೈವರ್ ಬೇಕು. ಅರ್ಧ ದಿನ ಒದ್ದಾಡಿದ ಮೇಲೆ ಗೊತ್ತಾಯ್ತು, ಮೊಬೈಲನ್ನ ಯುಎಸ್‌ಬಿ ಕೇಬಲ್ಲಲ್ಲಿ ಸೇರಿಸಿ, ಅದರ ಇಂಟರ್ನೆಟ್ ಲ್ಯಾಪ್‌ಟಾಪ್‌ಗೆ ಕೊಡೋ ಟೆದರಿಂಗ್ ಆನ್ ಮಾಡಿದ್ರೆ ಆಯ್ತು ಅಂತ.

ನಿಜವಾಗ್ಲೂ ಅಳು ಬಂದಿದ್ದು ಕನ್ನಡ ಟೈಪಿಂಗ್‌ನಲ್ಲಿ. ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಕಗಪ ಅಂತ ಲೇಔಟ್ (ಕೀಲಿ ಜೋಡಣೆ) ಕಂಡು ಖುಷಿಯಾಯ್ತು, ನುಡಿಯಲ್ಲಿರೋ ಕೆ.ಪಿ. ರಾವ್ ಅವರ ವಿನ್ಯಾಸಾನೇ ಅಲ್ವಾ ಅಂತ. ವ್ಯಂಜನ ಎಲ್ಲಾ ಅದೇ ಜಾಗದಲ್ಲಿ, ಒತ್ತಕ್ಷರಕ್ಕೆ ಎಫ್ ಕೀಲಿ, ಎಲ್ಲಾ ಸರಿ. ಆದ್ರೆ ‘ಇದು’ ಅಂತ ಹೊಡೆದ್ರೆ ಇ ಬರಲ್ಲ, ಚುಕ್ಕೆ ವೃತ್ತದ ಮೇಲೆ ಬರೀ ಗುಡಿಸು ಕೂತಿರುತ್ತೆ! ನುಡಿಯಲ್ಲಿ ಪದದ ಶುರುವಲ್ಲಿ ಒತ್ತಿದ್ರೆ ಸ್ವರ, ವ್ಯಂಜನದ ಮೇಲೆ ಒತ್ತಿದ್ರೆ ಗುಡಿಸು ಕೊಂಬು ತಾನಾಗೇ ಬರುತ್ತೆ. ಈ ಲೇಔಟ್ ಹಿಂದಿನ ಅಕ್ಷರ ನೋಡೋದೇ ಇಲ್ಲ, ಪೂರ್ತಿ ಇ ಬೇಕಂದ್ರೆ ಬಲಗಡೆ ಆಲ್ಟ್ ಹಿಡ್ಕೊಂಡು ಒತ್ತಬೇಕು. ಹದಿನೈದು ವರ್ಷದ ಅಭ್ಯಾಸ ಕಣ್ರೀ, ಕೈ ಎಲ್ಲಿ ಕೇಳುತ್ತೆ? ಯೂನಿಟ್ ಟೆಸ್ಟ್ ಹತ್ರ ಬಂದಿತ್ತು, ಒಂದು ಪುಟಕ್ಕೆ ಎರಡು ಗಂಟೆ ಹಿಡೀತು. ಆಮೇಲೆ ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಐಬಸ್-ಎಂ17ಎನ್ ಅನ್ನೋ ಟೈಪಿಂಗ್ ಸಾಫ್ಟ್‌ವೇರ್ ಹಾಕ್ಕೊಂಡು ಅದರಲ್ಲಿ ಕನ್ನಡ ಕೆಜಿಪಿ ಆರಿಸಿದೆ, ಲಾಗೌಟ್ ಆಗಿ ಒಳಗೆ ಬಂದ್ಮೇಲೆ ಕೈಗೆ ನುಡಿ ವಾಪಸ್ ಸಿಕ್ಕಂಗಾಯ್ತು. ಇದನ್ನ ಮೊದಲೇ ಯಾರಾದ್ರೂ ಹೇಳಿದ್ರೆ ಎರಡು ವಾರ ಉಳೀತಿತ್ತು, ಅದಕ್ಕೇ ಇಷ್ಟುದ್ದ ಬರೀತಿದೀನಿ.

ಹಳೇ ಫೈಲ್‌ಗಳದ್ದು ಇನ್ನೊಂದು ಕಥೆ. ವರ್ಡ್ ಥರದ ಲಿಬ್ರೆ ಆಫೀಸ್‌ನಲ್ಲಿ ತೆಗೆದ್ರೆ ಕನ್ನಡದ ಬದಲು ತಲೆ ಮೇಲೆ ಗೆರೆ ಚುಕ್ಕಿ ಇಟ್ಕೊಂಡಿರೋ ಇಂಗ್ಲಿಷ್ ಅಕ್ಷರಗಳು. ಇದು ಮಿಂಟ್ ತಪ್ಪಲ್ಲ, ಹಳೇ ನುಡಿ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರದ ಕೋಡ್‌ಗೇ ಕನ್ನಡದ ಆಕಾರ ಕೂರಿಸಿರ್ತಾರೆ. ಹಳೇ ಲ್ಯಾಪ್‌ಟಾಪ್ ಬ್ಯಾಕಪ್‌ನಲ್ಲಿದ್ದ ನುಡಿ ಫಾಂಟಿನ ಟಿಟಿಎಫ್ ಫೈಲ್ ಇನ್‌ಸ್ಟಾಲ್ ಮಾಡಿದ್ಮೇಲೆ ಕನ್ನಡ ಕಾಣಿಸ್ತು. ಈಗ ಒಂದೊಂದೇ ಫೈಲನ್ನ, ಕನ್ನಡ ಅಕ್ಷರಕ್ಕೆ ತನ್ನದೇ ಕೋಡ್ ಇರೋ ಯೂನಿಕೋಡ್‌ಗೆ ಬದಲಾಯಿಸ್ತಾ ಇದೀನಿ, ಗುಬ್ಬಿ ಫಾಂಟ್ ಬಳಸ್ತೀನಿ, ಅಕ್ಷರ ಮುದ್ದಾಗಿದೆ.

ಸಿ ಡ್ರೈವ್ ಡಿ ಡ್ರೈವ್ ಇಲ್ಲ, ವಿಂಡೋಸ್‌ನ ಇಎಕ್ಸ್‌ಇ ಪ್ರೋಗ್ರಾಂ ಡಬಲ್ ಕ್ಲಿಕ್ ಮಾಡಿದ್ರೆ ಓಡಲ್ಲ, ಇವೆಲ್ಲ ವಾರದಲ್ಲಿ ರೂಢಿ ಆಗೋಯ್ತು. ನನ್ನ ಹಳೇ ಸ್ಕ್ಯಾನರ್ ಮಾತ್ರ ಇನ್ನೂ ಕೆಲಸ ಮಾಡ್ತಿಲ್ಲ.

ಒಳ್ಳೇದು ಹೇಳ್ಬೇಕಂದ್ರೆ 4 ಜಿಬಿ ರ‍್ಯಾಮ್‌ನಲ್ಲಿ ಹಗುರವಾಗಿ ಓಡ್ತಿದೆ, ದುಡ್ಡು ಕೊಡಬೇಕಾಗಿಲ್ಲ, 2029ರ ತನಕ ಅಪ್‌ಡೇಟ್ ಇದೆ. ಟೈಮ್‌ಶಿಫ್ಟ್ ಅಂತೂ ಬಹಳ ಉಪಕಾರ ಮಾಡ್ತು, ನಾನು ಏನೋ ಕೆಡಿಸ್ಕೊಂಡಾಗ ಸಿಸ್ಟಮ್ಮನ್ನ ಹಿಂದಿನ ದಿನದ ಸ್ಥಿತಿಗೆ ತಂದು ಕೊಡ್ತು.

ಐದಕ್ಕೆ ನಾಲ್ಕು. ಹಾಕೋರು ಮೊದಲು ಪೆನ್‌ಡ್ರೈವ್‌ನಿಂದಾನೇ ಬೂಟ್ ಮಾಡಿ ನೋಡಿ, ಇನ್‌ಸ್ಟಾಲ್ ಮಾಡ್ದೇನೇ ಓಡುತ್ತೆ, ವೈಫೈ ಪ್ರಿಂಟರ್ ಸ್ಕ್ಯಾನರ್ ಮೂರೂ ಅಲ್ಲೇ ಪರೀಕ್ಷೆ ಮಾಡ್ಕೊಳ್ಳಿ. ಪರೀಕ್ಷೆ ಸೀಸನ್‌ನಲ್ಲಿ ಮಾತ್ರ ಬೇಡ, ಬೇಸಿಗೆ ರಜೆಯಲ್ಲಿ ಹಾಕಿ.